ಅವ್ವನಿಗೆ ದಿನಕ್ಕೆ ಹನ್ನೆರಡು ಮಾತ್ರೆ, ಅರ್ಧ ನಿಲ್ಲಿಸಿಬಿಡಲಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಶಾಲಾ ಶಿಕ್ಷಕಿ. ನಮ್ಮ ಅವ್ವನಿಗೆ 78 ವರ್ಷ, ತೂಕ 45 ಕೆ.ಜಿ. ಒಂದೂವರೆ ವರ್ಷದಿಂದ ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಬಿ.ಪಿ., ಶುಗರ್, ಥೈರಾಯ್ಡ್ ಇದೆ. ಆರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಎರಡು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದರು. ವಾಪಸ್ ಬಂದ ಮೇಲೆ ಕಾಲು ಊದಿಕೊಂಡಿತು, ಅದಕ್ಕೊಂದು ಮಾತ್ರೆ ಸೇರಿತು. ತಲೆಸುತ್ತು ಅಂದರು, ಅದಕ್ಕೊಂದು. ಈಗ ಹಗಲೆಲ್ಲ ತೂಕಡಿಸುತ್ತಾರೆ. ಹೋದ ವಾರ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಭಾನುವಾರ ನೋಡಲು ಹೋದಾಗ ದಿಂಬಿನ ಕವರಿನೊಳಗೆ ಏಳೆಂಟು ಮಾತ್ರೆ ಸಿಕ್ಕವು. ಕೇಳಿದರೆ ಆಯಾ, ‘ಅಜ್ಜಿ ನುಂಗಲ್ಲ ಮೇಡಂ, ಇನ್ಮೇಲೆ ಪುಡಿ ಮಾಡಿ ರಾಗಿ ಗಂಜಿಗೆ ಹಾಕಿ ಕೊಡ್ತೀವಿ’ ಅಂದಳು. ಹನ್ನೆರಡು ಮಾತ್ರೆ ಜಾಸ್ತಿ ಅಲ್ವಾ? ಅರ್ಧ ನಿಲ್ಲಿಸಬಹುದಾ? ಸುಮ್ಮನಿರಲಿ ಅಂತ ನಿದ್ದೆ ಮಾತ್ರೆ ಕೊಡುತ್ತಿದ್ದಾರಾ? ಜನೌಷಧಿ ಮಾತ್ರೆಗೆ ಪವರ್ ಕಡಿಮೆ ಎನ್ನುತ್ತಾರೆ, ಅದೂ ಒಂದು ಅನುಮಾನ. ಮಾತ್ರೆ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ ಎರಡರ ಫೋಟೊ ಕಳಿಸಿದ್ದೇನೆ.

ಉತ್ತರ: ಎರಡೂ ಫೋಟೊ ನೋಡಿದೆ. ಉಳಿದ ಮಾತಿಗೆ ಮುಂಚೆ, ಇವತ್ತೇ ಮಾಡಬೇಕಾದ ಎರಡು ಕೆಲಸ ಹೇಳಿಬಿಡುತ್ತೇನೆ.

ನಿಮ್ಮ ತಾಯಿ ಬಿದ್ದಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾರೆ, ಹಗಲು ತೂಕಡಿಸುತ್ತಿದ್ದಾರೆ. ಈ ಮೂರೂ ಸೇರಿದಾಗ ತಲೆಗೆ ಪೆಟ್ಟು ಬಿದ್ದಿಲ್ಲ ಎಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು. ವಯಸ್ಸಾದವರಲ್ಲಿ ತಲೆಯೊಳಗಿನ ರಕ್ತಸ್ರಾವ ಬಿದ್ದ ದಿನವೇ ಗೊತ್ತಾಗಬೇಕೆಂದಿಲ್ಲ. ಎರಡು ಮೂರು ವಾರ ಬಿಟ್ಟು ಮಂಪರು, ತಲೆನೋವು, ಒಂದು ಕಡೆ ಕೈಕಾಲು ಬಲ ಕಡಿಮೆಯಾಗುವುದು, ಹೀಗೂ ಕಾಣಿಸಿಕೊಳ್ಳಬಹುದು. ಬಿದ್ದ ಮೇಲೆ ತೂಕಡಿಕೆ ಜಾಸ್ತಿಯಾಗಿದ್ದರೆ ಭಾನುವಾರದವರೆಗೆ ಕಾಯಬೇಡಿ. ಜೊತೆಗೆ, ಅವರು ಮಂಪರಿನಲ್ಲಿರುವಾಗ ಒಮ್ಮೆ ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡಲು ಹೇಳಿ. 70ಕ್ಕಿಂತ ಕಡಿಮೆ ಇದ್ದರೆ ಅದು ನಿದ್ದೆಯಲ್ಲ, ಶುಗರ್ ಇಳಿದಿರುವುದು.

ಎರಡನೆಯದು ನಿಮ್ಮ ಪಟ್ಟಿಯಲ್ಲೇ ಇದೆ. ಮೂರನೇ ಸಾಲಿನಲ್ಲಿ ಬಿ.ಪಿ. ಮಾತ್ರೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಒಂಬತ್ತನೇ ಸಾಲಿನಲ್ಲಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಔಷಧಿ ಜೊತೆ ಆಮ್ಲೋಡಿಪಿನ್ 5 ಸೇರಿರುವ ಮಾತ್ರೆ. ಮೊದಲನೆಯದು ಹಳೆಯದು, ಎರಡನೆಯದು ಆಸ್ಪತ್ರೆಯಲ್ಲಿ ಬದಲಿಸಿ ಬರೆದದ್ದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಸದರ ಹೆಸರಿದೆ, ಹಳೆಯದನ್ನು ನಿಲ್ಲಿಸಿ ಎಂಬ ಮಾತು ಎಲ್ಲೂ ಇಲ್ಲ. ಆಶ್ರಮದ ಡಬ್ಬದಲ್ಲಿ ಹಳೇ ಶೀಟ್ ಉಳಿದಿತ್ತು. ಎರಡೂ ನಡೆದುಕೊಂಡು ಹೋಗಿವೆ. ಚೀಟಿ ಬರೆದ ವೈದ್ಯರಿಗೆ ಇವತ್ತೇ ಫೋನ್ ಮಾಡಿ ಇದೊಂದನ್ನು ಹೇಳಿ.

ಈಗ ನೀವು ಬರೆದ ಕಥೆಯನ್ನೇ ಆ ಕಡೆಯಿಂದ ಓದೋಣ. 5ರ ಬದಲು ದಿನಕ್ಕೆ 10 ಮಿ.ಗ್ರಾಂ ಆಮ್ಲೋಡಿಪಿನ್ ಹೋಗುತ್ತಿದೆ. ಪಾದ ಊದಿಕೊಳ್ಳುವುದು ಈ ಮಾತ್ರೆಯ ಹೆಸರಾಂತ ಅಡ್ಡಪರಿಣಾಮ. ಡೋಸ್ ಏರಿದಷ್ಟೂ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಊತ ನೋಡಿ ಯಾರೋ ಮೂತ್ರ ಹೋಗುವ ಮಾತ್ರೆ, ಅಂದರೆ ಫ್ಯೂರೊಸಮೈಡ್ ಬರೆದರು. ಆಮ್ಲೋಡಿಪಿನ್‌ನಿಂದ ಬರುವ ಊತ ಮೈಯಲ್ಲಿ ನೀರು ಜಾಸ್ತಿಯಾಗಿ ಬಂದದ್ದಲ್ಲ, ಹಾಗಾಗಿ ಈ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಬಿ.ಪಿ. ಮಾತ್ರ ಇನ್ನಷ್ಟು ಇಳಿಯುತ್ತದೆ. ಎದ್ದು ನಿಂತರೆ ತಲೆಸುತ್ತು. ತಲೆಸುತ್ತಿಗೆ ಸಿನ್ನರಿಜಿನ್ ಬಂತು, ಅದು ತೂಕಡಿಸುವಂತೆ ಮಾಡುತ್ತದೆ. ಇದರ ಮೇಲೆ ಪಟ್ಟಿಯಲ್ಲಿ ಫ್ಯೂರೊಸಮೈಡ್ ಮುಂದೆ ‘ರಾತ್ರಿ 8’ ಎಂದು ಬರೆದಿದೆ. ಅದರ ಕೆಳಗೆ ನಿದ್ದೆಗೆ ಆಲ್ಪ್ರಜೋಲಮ್. ರಾತ್ರಿ ಎಬ್ಬಿಸುವ ಮಾತ್ರೆ ಒಂದು, ಕಾಲು ತಡವರಿಸುವಂತೆ ಮಾಡುವ ಮಾತ್ರೆ ಇನ್ನೊಂದು. ಬಾತ್‌ರೂಮ್ ದಾರಿಯಲ್ಲಿ ಬಿದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಹೀಗೇ ಆಗಿದೆ ಎಂದು ಕಾಗದ ನೋಡಿ ಆಣೆ ಮಾಡಲಾರೆ. ಹೃದಯದ ತೊಂದರೆಯಿಂದಲೂ ಕಾಲು ಊದಬಹುದು. ಸ್ಟೆಂಟ್ ಹಾಕಿರುವವರಾದ್ದರಿಂದ ಅದನ್ನೂ ವೈದ್ಯರು ನೋಡಲೇಬೇಕು. ಆದರೆ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ವಾರ್ಡಿನಲ್ಲಿ ರೋಗಿಗಳ ಔಷಧಿ ಪಟ್ಟಿ ಪರಿಶೀಲಿಸುವುದೇ ನನ್ನ ಕೆಲಸ. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು, ಅದರದಕ್ಕೆ ಮತ್ತೊಂದು ಎಂಬ ಈ ಸರಪಳಿ ವಯಸ್ಸಾದವರ ಪಟ್ಟಿಗಳಲ್ಲಿ ಪದೇ ಪದೇ ಕಾಣುತ್ತದೆ. ಸಿನ್ನರಿಜಿನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತಲೆಸುತ್ತಿಗೆ ಅದನ್ನು ಕೆಲವು ದಿನ ಕೊಡುವುದು ಬೇರೆ. ತಿಂಗಳುಗಟ್ಟಲೆ ನಡೆದರೆ ಕೈನಡುಕ, ಮೈ ಬಿಗಿತ, ನಡಿಗೆ ನಿಧಾನವಾಗುವುದು, ಥೇಟ್ ಪಾರ್ಕಿನ್ಸನ್ ಕಾಯಿಲೆಯ ಹಾಗೆ ಶುರುವಾಗಬಹುದು. ಆಮೇಲೆ ಅದಕ್ಕೊಂದು ಮಾತ್ರೆ ಬರುತ್ತದೆ.

ಹಾಗಾದರೆ ಹನ್ನೆರಡು ಜಾಸ್ತಿಯೇ? ಎಣಿಕೆಯಿಂದ ಏನೂ ತೀರ್ಮಾನ ಮಾಡಬೇಡಿ. ನಿಮ್ಮ ತಾಯಿಗಿರುವ ಕಾಯಿಲೆಗಳಿಗೆ ಏಳೆಂಟು ಮಾತ್ರೆ ನ್ಯಾಯವಾಗಿಯೇ ಬೇಕಾಗಬಹುದು. ಇನ್ನೊಬ್ಬರಿಗೆ ನಾಲ್ಕು ಮಾತ್ರೆಯಲ್ಲೇ ಎರಡು ಅಪಾಯದವು ಇರಬಹುದು. ಪ್ರತಿ ಮಾತ್ರೆಯ ಮುಂದೆ ‘ಇದು ಯಾವ ಕಾಯಿಲೆಗೆ, ಇನ್ನೂ ಬೇಕಾ’ ಎಂದು ಕೇಳಿ ಉತ್ತರ ಸಿಗಬೇಕು, ಅಷ್ಟೆ.

ನೀವೇ ಅರ್ಧ ನಿಲ್ಲಿಸುವ ಯೋಚನೆ ಮಾತ್ರ ಖಂಡಿತ ಬೇಡ. ಸ್ಟೆಂಟ್ ಇರುವವರಲ್ಲಿ ಆಸ್ಪಿರಿನ್ ನಿಂತರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಥೈರಾಯ್ಡ್ ಮಾತ್ರೆ ನಿಂತರೆ ನಾಲ್ಕು ದಿನ ಏನೂ ಗೊತ್ತಾಗುವುದಿಲ್ಲ, ವಾರಗಳ ಮೇಲೆ ಗೊತ್ತಾಗುತ್ತದೆ. ಆಲ್ಪ್ರಜೋಲಮ್ ಎರಡು ತಿಂಗಳು ದಿನಾ ನುಂಗಿದವರು ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ಚಡಪಡಿಕೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದನ್ನು ವೈದ್ಯರು ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಸುಮ್ಮನೆ ನಡೆಯುತ್ತಿರುವ ಮಾತ್ರೆ, ಸುಮ್ಮನೆ ನಿಲ್ಲಿಸಿದ ಮಾತ್ರೆ, ಎರಡೂ ತೊಂದರೆಯೇ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ 1.1 ಇದೆ, ಪಕ್ಕದಲ್ಲಿ ನಾರ್ಮಲ್ ಎಂದಿದೆ. ಇದು ಬಹಳ ಜನ ಮೋಸಹೋಗುವ ಜಾಗ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. 45 ಕೆ.ಜಿ. ತೂಕದ ಅಜ್ಜಿಯ ಮೈಯಲ್ಲಿ ಮಾಂಸಖಂಡವೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ವಯಸ್ಸು, ತೂಕ ಸೇರಿಸಿ ನಾವು ಡೋಸ್‌ಗೆ ಬಳಸುವ ಲೆಕ್ಕ ಹಾಕಿದರೆ ನಿಮ್ಮ ತಾಯಿಯ ಕಿಡ್ನಿ ಸೋಸುವುದು ನಿಮಿಷಕ್ಕೆ ಸುಮಾರು 30 ಮಿ.ಲೀ. ಮಾತ್ರ. ಈ ಮಟ್ಟದಲ್ಲಿ ಹಲವು ಔಷಧಿಗಳ ಡೋಸ್ ಮತ್ತೆ ನೋಡಬೇಕಾಗುತ್ತದೆ. ಅವರ ಶುಗರ್ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಇವೆ, ಎರಡರ ಬಗ್ಗೆಯೂ ಕೇಳಿ. ಮೊಣಕಾಲು ನೋವಿಗೆ ಯಾರಾದರೂ ಡೈಕ್ಲೋಫೆನಾಕ್ ಕೊಡುತ್ತಿದ್ದರೆ ಅದನ್ನೂ ಹೇಳಿ. ಟೆಲ್ಮಿಸಾರ್ಟನ್, ಫ್ಯೂರೊಸಮೈಡ್ ಜೊತೆ ಅದು ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ.

ಗ್ಲಿಮೆಪಿರೈಡ್‌ಗೆ ಇನ್ನೊಂದು ಗುಣ ಇದೆ. ಊಟ ಮಾಡಲಿ ಬಿಡಲಿ, ಅದು ತನ್ನ ಪಾಡಿಗೆ ಶುಗರ್ ಇಳಿಸುತ್ತಿರುತ್ತದೆ. ಆಶ್ರಮದಲ್ಲಿ ಏಳು ಗಂಟೆಗೆ ಮಾತ್ರೆ, ಒಂಬತ್ತಕ್ಕೆ ತಿಂಡಿ ಎಂದಾದರೆ ಮಧ್ಯದ ಎರಡು ಗಂಟೆ ಅಪಾಯದ್ದು. ಏಕಾದಶಿ, ಶಿವರಾತ್ರಿ ಉಪವಾಸ ಬಿಡದ ಅಜ್ಜಿಯರು ಬಹಳ. ಆ ದಿನ ಈ ಮಾತ್ರೆ ಏನು ಮಾಡಬೇಕು ಎಂದು ವೈದ್ಯರಿಂದ ಮುಂಚೆಯೇ ಬರೆಸಿಕೊಂಡಿರಬೇಕು. ವಯಸ್ಸಾದವರಿಗೆ ಶುಗರ್ ಇಳಿದಾಗ ಬೆವರು, ನಡುಕ ಬರದೇ ಇರಬಹುದು. ಬರೀ ಗೊಂದಲ, ಮಂಪರು ಅಷ್ಟೇ ಕಾಣಬಹುದು. ಸಕ್ಕರೆ ನೀರು ಕುಡಿಸಿದ ಕೂಡಲೇ ಎಚ್ಚರವಾದರೂ ನಿಶ್ಚಿಂತೆಯಿಂದ ಇರಬೇಡಿ. ಈ ಮಾತ್ರೆಯ ಕೆಲಸ ತಾಸುಗಟ್ಟಲೆ ಇರುತ್ತದೆ, ಶುಗರ್ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ. ಇಂಥ ನಿಶ್ಶಕ್ತ ಹಿರಿಯರಲ್ಲಿ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಅಂಕಿಯನ್ನು 7ರೊಳಗೆ ತರುವ ಹಠ ಬೇಡ, 8ರ ಆಸುಪಾಸು ಸಾಕು ಎಂದೇ ಈಗ ಹೆಚ್ಚಿನ ವೈದ್ಯರು ನೋಡುತ್ತಾರೆ.

ಇನ್ನು ಪುಡಿ ಮಾಡಿ ಗಂಜಿಗೆ ಹಾಕುವ ವಿಚಾರ. ಆಯಾಗೆ ಕೆಟ್ಟ ಉದ್ದೇಶವಿಲ್ಲ, ಅಜ್ಜಿ ಹೊಟ್ಟೆಗೆ ಔಷಧಿ ಹೋಗಲಿ ಎಂದಷ್ಟೇ ಅವಳ ಆಸೆ. ಆದರೆ ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಶೀಟ್ ಮೇಲೆ ಎಸ್ಆರ್, ಎಕ್ಸ್ಆರ್, ಇಆರ್, ಸಿಆರ್ ಎಂದಿದ್ದರೆ ಆ ಮಾತ್ರೆ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕು. ಪುಡಿ ಮಾಡಿದರೆ ಇಡೀ ದಿನದ್ದು ಒಂದೇ ಸಲ ಮೈಗೆ ಸೇರುತ್ತದೆ. ನಿಮ್ಮ ತಾಯಿಯ ಶುಗರ್ ಮಾತ್ರೆ ಆ ಥರದ್ದು. ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್‌ಗೆ ಇರುವ ಲೇಪ ಹೊಟ್ಟೆಯ ಆಮ್ಲದಿಂದ ಔಷಧಿಯನ್ನು ಕಾಯಲಿಕ್ಕೆ. ಪುಡಿ ಮಾಡಿದರೆ ಔಷಧಿಯೇ ಹಾಳು. ಆಸ್ಪಿರಿನ್ ಮೇಲಿನ ಲೇಪ ಹೊಟ್ಟೆಯನ್ನು ಔಷಧಿಯಿಂದ ಕಾಯಲಿಕ್ಕೆ. ಇನ್ನೊಂದು, ಒಂದೇ ಕುಟ್ಟಾಣಿಯಲ್ಲಿ ಐದು ಜನರ ಮಾತ್ರೆ ಕುಟ್ಟಿದರೆ ಒಬ್ಬರದು ಇನ್ನೊಬ್ಬರಿಗೆ ಒಂದಿಷ್ಟು ಹೋಗುತ್ತದೆ.

ರಾಗಿ ಗಂಜಿಯದ್ದೇ ಒಂದು ತಕರಾರಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೂಳೆಗೆ ಒಳ್ಳೆಯದು, ಥೈರಾಯ್ಡ್ ಮಾತ್ರೆಗೆ ಅಲ್ಲ. ಕ್ಯಾಲ್ಸಿಯಂ ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ ಮಾತ್ರೆ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಮೈಸೂರಿನ ಅಜ್ಜಿಯರಿಗೆ ಫಿಲ್ಟರ್ ಕಾಫಿಯನ್ನು ಒಂದು ಗಂಟೆ ಮುಂದೂಡಿ ಎಂದು ಹೇಳುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು! ಆದರೆ ಕಾಫಿ ಜೊತೆ ನುಂಗಿದರೂ ಆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಪುಡಿ ಮಾಡುವ ಮುಂಚೆ ಅವ್ವ ಯಾಕೆ ನುಂಗುತ್ತಿಲ್ಲ ಎಂದು ಕೇಳಿದ್ದೀರಾ? ಬಾಯಿ ಒಣಗಿರಬಹುದು. ಹಲ್ಲುಸೆಟ್ಟು ಸಡಿಲ ಇರಬಹುದು. ಒಂದೇ ಸಲ ಆರು ಮಾತ್ರೆ ಅಂಗೈಗೆ ಸುರಿದರೆ ಯಾರಿಗಾದರೂ ಓಕರಿಕೆ ಬರುತ್ತದೆ. ಅಥವಾ ‘ಇದನ್ನ ನುಂಗಿದ್ರೆ ತಲೆ ತಿರುಗುತ್ತೆ’ ಎಂಬ ಅವರ ಮಾತು ನಿಜವೇ ಇರಬಹುದು. ದಿಂಬಿನ ಕವರಿನಲ್ಲಿ ಸಿಕ್ಕ ಮಾತ್ರೆಗಳು ಯಾವುವು ಎಂದು ಮೆಡಿಕಲ್ ಶಾಪಿನಲ್ಲಿ ತೋರಿಸಿ ಕೇಳಿ. ಎಲ್ಲವೂ ಒಂದೇ ಮಾತ್ರೆಯಾಗಿದ್ದರೆ ಅವರು ಬೇಕೆಂದೇ ಅದೊಂದನ್ನು ಬಿಡುತ್ತಿದ್ದಾರೆ, ಅದಕ್ಕೊಂದು ಕಾರಣ ಇರುತ್ತದೆ. ನುಂಗಲು ನಿಜವಾಗಿ ಕಷ್ಟವಿದ್ದರೆ ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ಎತ್ತದೆ ಗದ್ದ ಸ್ವಲ್ಪ ಕೆಳಗಿರಲಿ, ಒಂದೊಂದೇ ಕೊಡಲಿ. ನ್ಯುಮೋನಿಯಾ ಆದವರಲ್ಲಿ ನುಂಗುವ ತೊಂದರೆಯನ್ನು ವೈದ್ಯರು ಪರೀಕ್ಷಿಸುವುದೂ ಒಳ್ಳೆಯದು. ಕೆಲವಕ್ಕೆ ಸಿರಪ್ ಅಥವಾ ನೀರಲ್ಲಿ ಕರಗುವ ಮಾತ್ರೆ ಸಿಗುತ್ತದೆ. ಗೊತ್ತಾಗದಂತೆ ಊಟದಲ್ಲಿ ಬೆರೆಸುವುದು ಮಾತ್ರ ಬೇರೆಯೇ ವಿಷಯ. ತಿಳುವಳಿಕೆ ಸರಿಯಾಗಿರುವ ಮನುಷ್ಯರಿಗೆ ಬೇಡ ಎನ್ನುವ ಹಕ್ಕಿದೆ. ಮರೆವಿನ ಕಾಯಿಲೆ ಜೋರಾಗಿದ್ದವರಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ, ಮನೆಯವರಿಗೆ ತಿಳಿಸಿ ವೈದ್ಯರು ಬರೆದುಕೊಟ್ಟ ಮೇಲೆ ಮಾತ್ರ.

ನಿದ್ದೆ ಮಾತ್ರೆಯ ಅನುಮಾನಕ್ಕೆ ಬರುತ್ತೇನೆ. ಸುಮ್ಮನಿರಲಿ ಎಂದು ಮಾತ್ರೆ ಕೊಡುವ ಜಾಗಗಳು ಇವೆ, ಇಲ್ಲ ಎನ್ನಲಾರೆ. ನಿಮ್ಮ ವಿಷಯದಲ್ಲಿ ಮಾತ್ರ ಆಲ್ಪ್ರಜೋಲಮ್ 0.25 ಆಸ್ಪತ್ರೆಯ ಸಮ್ಮರಿಯಲ್ಲೇ ಇದೆ. ವಾರ್ಡಿನ ಗಲಾಟೆಯಲ್ಲಿ ನಿದ್ದೆ ಬರದವರಿಗೆ ಬರೆಯುತ್ತಾರೆ. ಎಷ್ಟು ದಿನ ಎಂದು ಬರೆಯುವುದಿಲ್ಲ. ಹಾಗೇ ಮುಂದುವರಿಯುತ್ತದೆ. ಹಿರಿಯರಿಗೆ ತಕ್ಕುದಲ್ಲದ ಔಷಧಿಗಳ ಬಿಯರ್ಸ್ ಪಟ್ಟಿ ಅಂತ ಒಂದಿದೆ. 1991ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2023ರಲ್ಲಿ ಪರಿಷ್ಕರಣೆಯಾಗಿದೆ. ಆಲ್ಪ್ರಜೋಲಮ್ ಗುಂಪಿನ ನಿದ್ದೆ ಮಾತ್ರೆಗಳನ್ನು ಹಿರಿಯರಲ್ಲಿ ಸಾಧ್ಯವಾದಷ್ಟೂ ತಪ್ಪಿಸಿ ಎಂದು ಅದು ಹೇಳುತ್ತದೆ. ಬೀಳುವುದು, ಮೂಳೆ ಮುರಿಯುವುದು, ಗೊಂದಲ ಇವೇ ಕಾರಣ. ನಮ್ಮ ಕಾನೂನಿನಲ್ಲೂ ಆಲ್ಪ್ರಜೋಲಮ್ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿ. ಮೆಡಿಕಲ್ ಶಾಪಿನವರು ಚೀಟಿ ಬರೆದವರ, ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಹಾಗಾಗಿ ‘ಇದನ್ನು ಯಾರು ಬರೆದರು, ಯಾವ ಚೀಟಿ’ ಎಂದು ನೀವು ಕೇಳುವುದು ಜಗಳವಲ್ಲ. ಚೀಟಿಯೇ ಇಲ್ಲದೆ ಕೊಡುತ್ತಿದ್ದರೆ ಅದು ಗಂಭೀರ ವಿಷಯ.

ವೃದ್ಧಾಶ್ರಮಗಳಲ್ಲಿ ನಾನು ಕಂಡಂತೆ ಎಡವಟ್ಟು ಹುಟ್ಟುವುದು ಹೆಚ್ಚಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ. ಆಸ್ಪತ್ರೆಯಿಂದ ಆಶ್ರಮಕ್ಕೆ, ಆಶ್ರಮದಿಂದ ಮೆಡಿಕಲ್ ಶಾಪಿಗೆ, ಹಗಲು ಪಾಳಿಯವರಿಂದ ರಾತ್ರಿ ಪಾಳಿಯವರಿಗೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿ ಸುರಕ್ಷತೆಯ ದೊಡ್ಡ ಕಾರ್ಯಕ್ರಮ ಶುರು ಮಾಡಿದಾಗ ಆರಿಸಿಕೊಂಡ ಮೂರು ಮುಖ್ಯ ವಿಷಯಗಳಲ್ಲಿ ಇದೂ ಒಂದು. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಚೀಟಿ ಇಂಗ್ಲಿಷಿನಲ್ಲಿ, ಕೊಡುವವರು ಕನ್ನಡ ಓದಿದವರು. ಅವರು ಮಾತ್ರೆಯನ್ನು ಬಣ್ಣದಿಂದ ಗುರುತಿಡುತ್ತಾರೆ. ‘ಗುಲಾಬಿ ಬಿ.ಪಿ.ದು, ಉದ್ದದ ಬಿಳಿದು ಶುಗರಿಂದು.’ ಅಂಗಡಿಯವರು ಬೇರೆ ಕಂಪನಿಯದು ಕೊಟ್ಟ ದಿನ ಬಣ್ಣ ಬದಲಾಗುತ್ತದೆ. ಹೊಸ ಮಾತ್ರೆ ಬಂದಿದೆ ಎಂದುಕೊಂಡು ಹಳೆಯದರ ಜೊತೆ ಅದನ್ನೂ ಕೊಡುತ್ತಾರೆ.

ಹೆಸರಿನ ತೊಂದರೆ ಬೇರೆ. ನಮ್ಮ ಕಡೆ ಒಂದು ಆಶ್ರಮದಲ್ಲಿ ಮೂವರು ಜಯಮ್ಮ ಇರುವುದು ಮಾಮೂಲು. ಡಬ್ಬದ ಮೇಲೆ ಬರೀ ಜಯಮ್ಮ ಎಂದಿದ್ದರೆ ಸಾಲದು. ಮಳವಳ್ಳಿ ಜಯಮ್ಮ, ನಾಗಮಂಗಲ ಜಯಮ್ಮ ಎಂದಿರಲಿ, ಜೊತೆಗೆ ಫೋಟೊ ಅಂಟಿಸಲಿ. ಇನ್ನೊಂದು ಗುರುತು ಹೇಳಿಕೊಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಔಷಧಿ ಪುಸ್ತಕ ತೋರಿಸಿ ಎನ್ನಿ. ರಾತ್ರಿಯ ಮಾತ್ರೆಗೂ ಆಗಲೇ ಸಹಿ ಬಿದ್ದಿದ್ದರೆ ಆ ಪುಸ್ತಕವನ್ನು ನಂಬಬೇಡಿ. ಸಹಿ ಬೀಳಬೇಕಾದ್ದು ಎದುರಿಗೆ ನುಂಗಿದ ಮೇಲೆ.

ನಿಮ್ಮ ಮುಂದೆ ಈಗ ಕೆಲವು ದಾರಿಗಳಿವೆ. ಪ್ರತಿ ಭಾನುವಾರ ನೀವೇ ವಾರದ ಮಾತ್ರೆ ಡಬ್ಬ ತುಂಬಿಸಿಟ್ಟು ಬರುವುದು ಒಂದು. ಬಹಳ ಮಕ್ಕಳು ಇದನ್ನು ಮಾಡುತ್ತಾರೆ, ನೆಮ್ಮದಿ ಸಿಗುತ್ತದೆ. ಅಪಾಯ ಏನೆಂದರೆ ಶೀಟಿನಿಂದ ಬಿಡಿಸಿದ ಮಾತ್ರೆಗೆ ಹೆಸರಿಲ್ಲ, ಎಕ್ಸ್‌ಪೈರಿ ಇಲ್ಲ. ಬುಧವಾರ ವೈದ್ಯರು ಒಂದನ್ನು ನಿಲ್ಲಿಸಿ ಎಂದರೆ ಡಬ್ಬದಲ್ಲಿ ಅದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್‌ನಂಥ ಕೆಲವು ತೇವ ಹೀರಿ ಹಾಳಾಗುತ್ತವೆ. ಇನ್ನೊಂದು, ಪೂರ್ತಿ ಆಶ್ರಮಕ್ಕೆ ಬಿಡುವುದು. ತರಬೇತಿಯಾದ ನರ್ಸ್ ಪಾಳಿಯಲ್ಲಿದ್ದರೆ ಇದೇ ಒಳ್ಳೆಯದು. ಇಲ್ಲದಿದ್ದರೆ ಈಗ ಆಗಿರುವುದೇ ಮತ್ತೆ ಆಗುತ್ತದೆ. ಅವ್ವನನ್ನು ಮಂಡ್ಯಕ್ಕೆ ಕರೆತರುವುದು ನಿಮ್ಮ ಮನೆಯ ತೀರ್ಮಾನ. ಮಾತ್ರೆಯ ಕಾರಣಕ್ಕೇ ಎಂದಾದರೆ ಆತುರ ಬೇಡ. ನೀವು ಶಾಲೆಗೆ ಹೋದಾಗ ಮಧ್ಯಾಹ್ನದ ಮಾತ್ರೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಅಲ್ಲೂ ಇದ್ದೇ ಇದೆ.

ನನ್ನನ್ನು ಕೇಳಿದರೆ ಮಾತ್ರೆ ಕೊಡುವ ಕೆಲಸ ಆಶ್ರಮದ್ದೇ ಇರಲಿ, ಪಟ್ಟಿ ನಿಮ್ಮ ಕೈಯಲ್ಲಿರಲಿ. ಒಂದೇ ಹಾಳೆ, ಕನ್ನಡದಲ್ಲಿ. ಔಷಧಿಯ ಮೂಲ ಹೆಸರು, ಯಾತಕ್ಕೆ, ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಯಾರು ಬರೆದದ್ದು, ಯಾವ ತಾರೀಖಿನಿಂದ. ಕೆಳಗೆ ನಿಲ್ಲಿಸಿದ ಮಾತ್ರೆಗಳ ಹೆಸರು, ನಿಲ್ಲಿಸಿದ ದಿನ. ಈ ಕೊನೆಯ ಭಾಗವೇ ನಿಮ್ಮ ತಾಯಿಯ ವಿಷಯದಲ್ಲಿ ಇಲ್ಲದೆ ಹೋದದ್ದು. ಏನಾದರೂ ಬದಲಾದರೆ ಗೀಚಿ ತಿದ್ದುವುದು ಬೇಡ, ಹೊಸ ಹಾಳೆ ಬರೆದು ಹಳೆಯದನ್ನು ಹರಿಯಿರಿ. ನಿಲ್ಲಿಸಿದ ಮಾತ್ರೆಯ ಶೀಟ್ ಅದೇ ದಿನ ಆಶ್ರಮದ ಡಬ್ಬದಿಂದ ಹೊರಗೆ ಬರಬೇಕು. ಒಂದು ವಾರದ ಮಾತ್ರೆ ಯಾವಾಗಲೂ ಮುಂಗಡ ಇರಲಿ. ದಸರಾ ಸಮಯದಲ್ಲಂತೂ ರಸ್ತೆ ಬಂದ್, ಸಿಬ್ಬಂದಿ ರಜೆ ಎಂದು ಮಾತ್ರೆ ತಪ್ಪುವುದನ್ನು ನೋಡಿದ್ದೇನೆ.

ಜನೌಷಧಿ ಮಾತ್ರೆಯಲ್ಲೂ ಅದೇ ಔಷಧಿ, ಅಷ್ಟೇ ಪ್ರಮಾಣದಲ್ಲಿ ಇರುತ್ತದೆ. ಧಾರಾಳವಾಗಿ ತೆಗೆದುಕೊಳ್ಳಿ. ಒಂದೇ ಎಚ್ಚರ, ತಿಂಗಳಿಗೊಂದು ಕಂಪನಿ ಬದಲಿಸಬೇಡಿ. ಥೈರಾಯ್ಡ್ ಮಾತ್ರೆಯಲ್ಲಿ ಇದು ಮುಖ್ಯ. ಬದಲಿಸಿದರೆ ಆರೆಂಟು ವಾರದ ಮೇಲೆ ಥೈರಾಯ್ಡ್‌ನ ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸಿ. ನಾಟಿ ಔಷಧಿ, ಕಷಾಯ, ಲೇಹ್ಯ ಏನಾದರೂ ನಡೆಯುತ್ತಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಜ್ಯೇಷ್ಠಮಧು ದಿನಾ ಹೋದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಇನ್ಸುಲಿನ್ ಕೊಡುವ ಆಶ್ರಮಗಳ ಬಗ್ಗೆ ಬೇರೆ ಓದುಗರಿಗಾಗಿ ಒಂದು ಸಾಲು: ನಮ್ಮಲ್ಲಿ ಸಿಗುವ ಸಾಮಾನ್ಯ ಬಾಟಲಿ ಯು-40, ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಯು-100. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚು ಕಡಿಮೆಯಾಗುತ್ತದೆ.

ತಲೆಯ ಪರೀಕ್ಷೆ, ವೈದ್ಯರಿಗೆ ಫೋನ್ ಇವತ್ತೇ ಆದ ಮೇಲೆ, ಮಾತ್ರೆ ಪಟ್ಟಿ ಪೂರ್ತಿ ನೋಡಿಸಲು ಈ ವಾರದಲ್ಲೇ ಅವ್ವನನ್ನು ಒಮ್ಮೆ ಕರೆದುಕೊಂಡು ಹೋಗಿ. ಎಲ್ಲ ಶೀಟುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ದಿಂಬಿನೊಳಗಿನವನ್ನೂ ಸೇರಿಸಿ. ಮಲಗಿದಾಗ ಮತ್ತು ಎದ್ದು ನಿಂತಾಗ ಎರಡೂ ಸಲ ಬಿ.ಪಿ. ನೋಡಲು ಕೇಳಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಟಿಎಸ್ಎಚ್, ಮೂರು ತಿಂಗಳ ಶುಗರ್ ಪರೀಕ್ಷೆ ಬೇಕಾ ಎಂದು ಕೇಳಿ. ಸಮಯವಿದ್ದರೆ ಕ್ಲಿನಿಕಲ್ ಫಾರ್ಮಸಿಸ್ಟ್ ಇರುವ ಆಸ್ಪತ್ರೆಯಲ್ಲಿ ತೋರಿಸಿ. ಮೈಸೂರಿನ ಜೆಎಸ್ಎಸ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಮಾತ್ರೆಯಿಂದಲೇ ತೊಂದರೆ ಆಗಿದೆ ಎಂದು ಖಚಿತವಾದರೆ ಔಷಧಿ ಅಡ್ಡಪರಿಣಾಮಗಳ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು. ಆಶ್ರಮದವರು ಪುಸ್ತಕ ತೋರಿಸಲು ಒಪ್ಪದಿದ್ದರೆ, ಚೀಟಿ ಇಲ್ಲದೆ ಮಾತ್ರೆ ಕೊಡುತ್ತಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಅದಕ್ಕೂ ಮುಂಚೆ ಆಶ್ರಮದ ಮೇಲ್ವಿಚಾರಕರ ಜೊತೆ ಆಯಾಳನ್ನೂ ಕೂರಿಸಿಕೊಂಡು ಹೊಸ ಹಾಳೆಯನ್ನು ಒಂದು ಸಲ ಓದಿ ಹೇಳಿ. ರಾತ್ರಿ ಪಾಳಿಯವಳಿಗೂ ಹೇಳಲು ಮರೆಯಬೇಡಿ.